‘ಅಭ್ಯಾಸವೇ ಬೇಡ’ ಎಂದು ಮಾರುವ ಜಾದೂ ನಾಣ್ಯ ಕೊಳ್ಳುವ ಮುನ್ನ

ನಾಣ್ಯದ ಜಾದೂ ಕಲಿಯಲು ಹೊರಟವರು, ಅದರಲ್ಲೂ ‘ಅಭ್ಯಾಸವೇ ಬೇಡ, ಪೊಟ್ಟಣ ಬಿಚ್ಚಿದ ಹತ್ತೇ ನಿಮಿಷದಲ್ಲಿ ನೀವೂ ಜಾದೂಗಾರ’ ಎಂಬ ಜಾಹೀರಾತಿಗೆ ಮನಸೋತವರು, ಹಣ ಕಟ್ಟುವ ಮೊದಲು ಇದನ್ನು ಓದಿಬಿಡಿ. ನಾನು ಕಟ್ಟಿದೆ. ಎಂಟು ಜನರ ಮುಂದೆ ಬೆಪ್ಪನಾದೆ. ಹಣ ವಾಪಸು ಕೇಳಿದಾಗ ಬಂದ ಉತ್ತರವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಟ ಇಷ್ಟೇ. ಎಡಗೈಯಲ್ಲಿರುವ ನಾಲ್ಕು ನಾಣ್ಯಗಳು ಒಂದೊಂದಾಗಿ, ಯಾರ ಕಣ್ಣಿಗೂ ಬೀಳದೆ ಬಲಗೈಗೆ ದಾಟಬೇಕು. ನೋಡುವವರು ಒಂದು ಮೊಳದ ದೂರದಲ್ಲಿ ಕುಳಿತಿರುತ್ತಾರೆ. ವೇದಿಕೆಯ ಜಾದೂವಿಗಿರುವ ದೀಪ, ಪರದೆ, ಹೊಗೆ ಯಾವುದರ ಆಸರೆಯೂ ಇಲ್ಲಿಲ್ಲ. ಮಾರಾಟಗಾರರ ವಿಡಿಯೊದಲ್ಲಿ ಇದು ಎಷ್ಟು ಸಲೀಸಾಗಿ ನಡೆಯಿತೆಂದರೆ, ನಾನು ಅದನ್ನು ಹತ್ತಾರು ಸಲ ನೋಡಿದೆ. ಹತ್ತಾರು ಸಲ ನೋಡಿಯೂ ಕಾಣಬೇಕಾದದ್ದು ಕಾಣಲಿಲ್ಲ. ಕೈಗಳನ್ನು ತೋರಿಸುವಾಗ ಕ್ಯಾಮೆರಾ ನೇರ ಎದುರಿನಿಂದ ಒಂದಿಂಚೂ ಕದಲುತ್ತಿರಲಿಲ್ಲ. ನಾಣ್ಯ ದಾಟುವ ಕ್ಷಣಕ್ಕೆ ಸರಿಯಾಗಿ ದೃಶ್ಯ ಬದಲಾಗಿ, ಬಾಯಿ ಬಿಟ್ಟುಕೊಂಡ ನೋಡುಗರ ಮುಖಗಳು ಬರುತ್ತಿದ್ದವು. ‘ನಾಣ್ಯಗಳನ್ನು ಯಾರು ಬೇಕಾದರೂ ಪರೀಕ್ಷಿಸಬಹುದು’ ಎಂಬ ಸಾಲು ಮಾತ್ರ ನನ್ನ ಕಣ್ಣಿಗೆ ಚೆನ್ನಾಗಿ ಬಿದ್ದಿತ್ತು.

ಪೊಟ್ಟಣದಲ್ಲಿ ಬಂದದ್ದು ನಾಲ್ಕು ಅಮೆರಿಕನ್ ಅರ್ಧ ಡಾಲರ್ ನಾಣ್ಯ ಮತ್ತು ಒಂದು ಶೆಲ್. ಅರ್ಧ ಡಾಲರ್ ಈ ವಿದ್ಯೆಯ ಮಾಮೂಲಿ ನಾಣ್ಯ. 30.6 ಮಿಲಿಮೀಟರ್ ಅಗಲ, 11.34 ಗ್ರಾಂ ತೂಕ, ಅಂಚಿನಲ್ಲಿ ಗೀರುಗಳಿರುವುದರಿಂದ ಅಂಗೈಗೆ ಹಿಡಿತ ಸಿಗುತ್ತದೆ. ಶೆಲ್ ಎಂದರೆ ಟೊಳ್ಳು ನಾಣ್ಯ. ಒಂದು ಮುಖ ಮತ್ತು ಸುತ್ತಲಿನ ಅಂಚನ್ನು ಉಳಿಸಿಕೊಂಡು ಒಳಗಿನದನ್ನೆಲ್ಲ ಕೊರೆದು ತೆಗೆದು, ಅಗಲವನ್ನು ಕೂದಲೆಳೆಯಷ್ಟು ಹಿಗ್ಗಿಸಿರುತ್ತಾರೆ. ಅದು ನಿಜವಾದ ನಾಣ್ಯದ ಮೇಲೆ ಟೋಪಿಯಂತೆ ಕುಳಿತರೆ ಎರಡು ಒಂದಾಗುತ್ತದೆ, ಜಾರಿ ಹೊರಬಂದರೆ ಒಂದು ಎರಡಾಗುತ್ತದೆ. (ಗುಟ್ಟು ಬಯಲು ಮಾಡಿದನೆಂದು ಸಿಟ್ಟಾಗಬೇಡಿ. ಇದು ಬಹಳ ಹಳೆಯ ಉಪಾಯ, ಕೇಳಿದರೆ ಯಾವ ಜಾದೂಗಾರನೂ ಅಲ್ಲವೆನ್ನಲಾರ.) ನನಗೆ ಬಂದ ಶೆಲ್ ಹೊಸ ಪಾತ್ರೆಯಂತೆ ಫಳಫಳ ಹೊಳೆಯುತ್ತಿತ್ತು, ನಾಣ್ಯಗಳು ಮಾಸಿದ್ದವು. ನಾಲ್ಕನ್ನು ಸಾಲಾಗಿ ಇಟ್ಟರೆ ಕಳ್ಳ ಯಾರೆಂದು ಹೇಳಲು ಪೊಲೀಸರು ಬೇಕಿರಲಿಲ್ಲ.

ನಿಜವಾದ ಮೋಸ ತಿಳಿದದ್ದು ಕಲಿಸುವ ವಿಡಿಯೊವನ್ನು ತೆರೆದ ಮೇಲೆ. ಆಟ ಶುರುವಾಗುವಾಗ ಮೇಜಿನ ಮೇಲಿರುವುದು ಮೂರು ನಾಣ್ಯ ಮತ್ತು ಶೆಲ್. ನಾಲ್ಕನೆಯ ನಿಜವಾದ ನಾಣ್ಯ ಮೊದಲೇ ಬಲ ಅಂಗೈಯಲ್ಲಿ ಅಡಗಿರಬೇಕು. ಇದಕ್ಕೆ ಪಾಮ್ ಮಾಡುವುದು ಎನ್ನುತ್ತಾರೆ. ಹೆಬ್ಬೆರಳಿನ ಬುಡದ ಮಾಂಸ ಮತ್ತು ಎದುರಿನ ಅಂಗೈ ಉಬ್ಬಿನ ನಡುವೆ ನಾಣ್ಯವನ್ನು ಒತ್ತಿ ಹಿಡಿದು, ಕೈಯಲ್ಲಿ ಏನೂ ಇಲ್ಲವೆಂಬಂತೆ ಓಡಾಡಬೇಕು. ಅದು ತಿಂಗಳುಗಟ್ಟಲೆ ಅಭ್ಯಾಸ ಬೇಡುವ ವಿದ್ಯೆ. ಅಂದರೆ ಶೆಲ್ ನನ್ನ ಕೆಲಸವನ್ನು ಕಡಿಮೆ ಮಾಡಿರಲಿಲ್ಲ. ಒಂದು ನಾಣ್ಯವನ್ನು ಬಚ್ಚಿಡುವ ಜೊತೆಗೆ ಶೆಲ್ಲನ್ನೂ ಬಚ್ಚಿಡುವ ಕೆಲಸವನ್ನು ಸೇರಿಸಿತ್ತು. ಪಾಠ ಹೇಳುವವರು ಪಾಮನ್ನು ‘ನಿಮಗೆ ಗೊತ್ತಿರುವಂತೆ’ ಎಂದು ಎರಡು ಸೆಕೆಂಡಿನಲ್ಲಿ ಮುಗಿಸಿಬಿಟ್ಟರು. ಗೊತ್ತಿದ್ದರೆ ನಾನು ಆ ಸೆಟ್ಟನ್ನು ಏಕೆ ಕೊಳ್ಳುತ್ತಿದ್ದೆ?

ಇನ್ನು ನನ್ನ ತಪ್ಪು. ಹತ್ತು ದಿನ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಒಂದು ಸಲವೂ ಗುಟ್ಟು ಕಾಣಿಸಲಿಲ್ಲ. ಎಷ್ಟು ಬೀಗಿದೆನೆಂದು ಕೇಳಬೇಡಿ. ಆಮೇಲೆ, ಎಲ್ಲ ಕೆಟ್ಟ ಮೇಲೆ, ಮೊಬೈಲಿನಲ್ಲಿ ಚಿತ್ರೀಕರಿಸಿ ನೋಡಿದಾಗ ಕಾರಣ ತಿಳಿಯಿತು: ನಾಣ್ಯ ಕದಿಯುವ ಆ ಕ್ಷಣದಲ್ಲಿ ನಾನೇ ಕಣ್ಣು ಮಿಟುಕಿಸುತ್ತಿದ್ದೆ. ಪ್ರತಿ ಸಲವೂ. ನನ್ನ ಕಳ್ಳತನವನ್ನು ನೋಡದೆ ಇದ್ದವನು ನಾನೊಬ್ಬನೇ. ಜೊತೆಗೆ ಹೆಬ್ಬೆರಳು ಕಂಬದಂತೆ ಸೆಟೆದು ನಿಂತಿತ್ತು, ದೃಷ್ಟಿ ಖಾಲಿ ಇರಬೇಕಾದ ಕೈಯ ಮೇಲೆಯೇ ಇತ್ತು. ಜಾದೂಗಾರ ಎಲ್ಲಿ ನೋಡುತ್ತಾನೋ ನೋಡುಗರೂ ಅಲ್ಲೇ ನೋಡುತ್ತಾರೆ.

ಗೆಳೆಯನ ಮನೆಯಲ್ಲಿ ಎಂಟು ಜನ ಸುತ್ತ ಕುಳಿತಿದ್ದರು. ಕನ್ನಡಿ ಎದುರಿಗೆ ಮಾತ್ರ ಇರುತ್ತದೆ, ಮನುಷ್ಯರು ಎಡಕ್ಕೂ ಬಲಕ್ಕೂ ಕೂರುತ್ತಾರೆ. ನನ್ನ ಎಡಕ್ಕೆ, ಮೇಜಿಗೆ ಗಲ್ಲ ಊರಿಕೊಂಡು, ಗೆಳೆಯನ ಒಂಬತ್ತು ವರ್ಷದ ಮಗಳು. ಮೊದಲ ನಾಣ್ಯ ದಾಟಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯದಕ್ಕೆ ಶೆಲ್ ಮೇಜಿಗೆ ತಾಗಿ ತಗಡಿನ ಸದ್ದು ಮಾಡಿತು. ನಾಣ್ಯ ಠಣ್ ಎನ್ನುತ್ತದೆ, ಶೆಲ್ ಟಿಣ್ ಎನ್ನುತ್ತದೆ. ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ಮೂರನೆಯದಕ್ಕೆ ಶೆಲ್ ಕೂರಲೇ ಇಲ್ಲ. ಹಿಂದಿನ ದಿನ ಅದು ನೆಲಕ್ಕೆ ಬಿದ್ದಿತ್ತು. ಕಾಗದದಷ್ಟು ತೆಳ್ಳಗಿನ ಅಂಚು ಒಂದು ಕಡೆ ನಸು ಬಾಗಿದ್ದನ್ನು ನಾನು ಗಮನಿಸಿರಲಿಲ್ಲ. ಬೆರಳಿನಿಂದ ಒತ್ತಿದೆ. ನಾಣ್ಯ ಅರ್ಧ ಒಳಗೆ ಹೋಗಿ ಓರೆಯಾಗಿ ಸಿಕ್ಕಿಕೊಂಡಿತು. ಗಾಬರಿಯಲ್ಲಿ ಬಲಗೈ ಸಡಿಲಾಗಿ ಅಡಗಿಸಿದ್ದ ನಾಣ್ಯವೂ ಉರುಳಿ ಹೊರಬಂತು.

‘ಅಂಕಲ್, ಆ ನಾಣ್ಯದ ಹೊಟ್ಟೆಯೊಳಗೆ ಇನ್ನೊಂದು ನಾಣ್ಯ ಇದೆ’ ಎಂದಳು ಹುಡುಗಿ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಗೆಳೆಯನ ಹೆಂಡತಿ ‘ಆದರೂ ಮೊದಲನೆಯದು ಬಹಳ ಚೆನ್ನಾಗಿ ಬಂತು’ ಎಂದರು. ಅಷ್ಟು ಕರುಣೆಯನ್ನು ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಕಂಡಿರಲಿಲ್ಲ.

ಮರುದಿನ ಮಾರಾಟಗಾರರಿಗೆ ಬರೆದೆ: ಬಣ್ಣ ಹೊಂದುವುದಿಲ್ಲ, ಒಮ್ಮೆ ಬಿದ್ದರೆ ಬಾಗುತ್ತದೆ, ಅಭ್ಯಾಸ ಬೇಡವೆಂದಿದ್ದು ಸುಳ್ಳು, ಹಣ ಹಿಂದಿರುಗಿಸಿ. ಉತ್ತರ ಒಂದೇ ಸಾಲು: ‘ನೀವು ಹಣ ಕೊಟ್ಟದ್ದು ಗುಟ್ಟಿಗೆ, ಗುಟ್ಟು ನಿಮಗೆ ತಿಳಿದಾಯಿತು.’ ಜಾದೂ ಸಾಮಾನಿನ ವ್ಯಾಪಾರದಲ್ಲಿ ಈ ನಿಯಮ ಸಾಮಾನ್ಯವಂತೆ. ಹಿಂದಿರುಗಿಸುವ ಷರತ್ತನ್ನು ಮೊದಲೇ ಓದಿರಿ. ‘ಪರೀಕ್ಷಿಸಬಹುದು’ ಎಂದಿದ್ದರೆ ಯಾವಾಗ ಎಂದು ಬರೆದು ಕೇಳಿರಿ. ನನ್ನ ಸೆಟ್ಟಿನಲ್ಲಿ ಅದರ ಅರ್ಥ, ಶೆಲ್ಲನ್ನು ಗುಟ್ಟಾಗಿ ಜೇಬಿಗೆ ಸೇರಿಸಿದ ಮೇಲೆ ಎಂದು. ಕತ್ತರಿಸದ, ಪಕ್ಕದಿಂದಲೂ ತೆಗೆದ ವಿಡಿಯೊ ಇಲ್ಲದಿದ್ದರೆ ಕೊಳ್ಳಲೇಬೇಡಿ. ಶೆಲ್ ಎಂಬುದೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪಳಗಿದ ಕೈಯಲ್ಲಿ ಅದು ಮೈ ಜುಮ್ಮೆನಿಸುತ್ತದೆ. ನನ್ನಂಥವನ ಕೈಗೆ ಅದನ್ನು ಮಾರಿದ ಮಾತು ಕೆಟ್ಟದ್ದು.

ನಾಣ್ಯಗಳ ರಾಜನೆಂದು ಹೆಸರಾದ ಅಮೆರಿಕದ ಟಿ. ನೆಲ್ಸನ್ ಡೌನ್ಸ್ (1867–1938) ಮೊದಲು ರೈಲ್ವೆಯಲ್ಲಿ ತಂತಿ ಕಳುಹಿಸುವ ಕೆಲಸದಲ್ಲಿದ್ದವನು. ಬಿಡುವಿನ ವೇಳೆಯಲ್ಲೆಲ್ಲ ಅವನ ಕೈ ನಾಣ್ಯದ ಮೇಲೆಯೇ ಇರುತ್ತಿತ್ತು. ನಾನೂ ಈಗ ಹಾಗೆಯೇ ಬಸ್ಸಿನಲ್ಲಿ, ಫೋನಿನಲ್ಲಿ ಮಾತನಾಡುವಾಗ, ಬಲಗೈಯಲ್ಲಿ ಒಂದು ಸಾದಾ ನಾಣ್ಯ ಇಟ್ಟುಕೊಂಡಿರುತ್ತೇನೆ. ಅದಕ್ಕೆ ತಗುಲುವ ಖರ್ಚು ಅದರ ಮುಖಬೆಲೆಯಷ್ಟೇ, ಅದೂ ಖರ್ಚಾಗುವುದಿಲ್ಲ.

ಮೂರು ತಿಂಗಳ ಬಳಿಕ ಗೆಳೆಯನ ಮನೆಗೆ ಹೋದಾಗ ಆ ಹುಡುಗಿ ಕೇಳದೆಯೇ ಬಂದು ಎಡಕ್ಕೆ ಕುಳಿತಳು. ಒಂದೇ ನಾಣ್ಯವನ್ನು ಎಡಗೈಗೆ ಹಾಕಿದಂತೆ ಮಾಡಿ, ಊದಿ, ಬಿಚ್ಚಿ ತೋರಿಸಿದೆ. ಖಾಲಿ. ಅವಳು ಎಡಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನಿಧಾನವಾಗಿ ನನ್ನ ಬಲಗೈಯತ್ತ ಕಣ್ಣು ಹೊರಳಿಸಿ, ‘ಈಗ ಅದನ್ನು ತೋರಿಸಿ, ಅಂಕಲ್’ ಎಂದಳು. ನನಗೆ ಅದೇ ಹೊತ್ತಿಗೆ ಒಂದು ತುರ್ತು ಕರೆ ಬಂತು.