ನಿರಾಮಯ ಆರೋಗ್ಯ ವಿಮೆ: ತಮ್ಮನಿಗೆ ಮಾಡಿಸಿ ಹಲವು ವರ್ಷ ಬಳಸಿದ ಮೇಲೆ

ನನ್ನ ರೇಟಿಂಗ್: 5ಕ್ಕೆ 3.5

ನನ್ನ ತಮ್ಮನಿಗೆ ಬೌದ್ಧಿಕ ಅಸಾಮರ್ಥ್ಯ ಇದೆ, ಜೊತೆಗೆ ಫಿಟ್ಸ್ ಬರುತ್ತದೆ. ವಯಸ್ಸು ಮೂವತ್ತು ದಾಟಿದೆ. ಹಾಸನದ ನಮ್ಮ ಮನೆಯಲ್ಲಿ ಇರುವುದು ಅಮ್ಮ, ನಾನು, ಅವನು, ಮೂರೇ ಜನ. ನಿರಾಮಯ ಮಾಡಿಸಬಹುದಾ ಅಂತ ಯಾರಾದರೂ ಕೇಳಿದರೆ ಕಣ್ಣು ಮುಚ್ಚಿಕೊಂಡು ಮಾಡಿಸಿ ಅನ್ನುತ್ತೇನೆ. ಆದರೆ ಇದೊಂದು ಇದ್ದರೆ ಸಾಕು ಅಂತ ಸುಮ್ನೆ ಕೂರಬೇಡಿ.

ಇದನ್ನು ನಡೆಸುವುದು ನ್ಯಾಷನಲ್ ಟ್ರಸ್ಟ್, 1999ರ ಕಾಯ್ದೆಯಡಿ ಬಂದ ಕೇಂದ್ರದ ಸಂಸ್ಥೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಮಾತ್ರ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ವಿಮೆ. ಮೊದಲ ಸಲ ಸೇರಲು 500 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ 250. ಆಮೇಲೆ ನವೀಕರಣಕ್ಕೆ 250, ಬಿಪಿಎಲ್‌ಗೆ 50. ವಯಸ್ಸಿನ ಮಿತಿ ಇಲ್ಲ, ಸೇರುವಾಗ ವೈದ್ಯಕೀಯ ಪರೀಕ್ಷೆ ಇಲ್ಲ, ಮೊದಲಿಂದ ಇರುವ ಕಾಯಿಲೆ ಅಂತ ತಳ್ಳಿಹಾಕುವುದೂ ಇಲ್ಲ. ಫಿಟ್ಸ್ ಅಂದ ತಕ್ಷಣ ವಿಮೆ ಏಜೆಂಟರು ಫೈಲ್ ಮುಚ್ಚಿದ್ದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ನನಗೆ ಜಾಸ್ತಿ ಹಿಡಿಸಿದ್ದು ಬೇರೆ. ಮಾಮೂಲಿ ಆರೋಗ್ಯ ವಿಮೆ ಆಸ್ಪತ್ರೆಗೆ ಸೇರಿದರೆ ಮಾತ್ರ ಕೈ ಬಿಚ್ಚುತ್ತದೆ. ನಮ್ಮಂಥ ಮನೆಗಳಲ್ಲಿ ದುಡ್ಡು ಸೋರುವುದು ಅಲ್ಲಲ್ಲ. ತಿಂಗಳು ತಿಂಗಳು ಮಾತ್ರೆ, ರಕ್ತ ಪರೀಕ್ಷೆ, ಥೆರಪಿ, ಡಾಕ್ಟರ ಫೀಸು, ಅಲ್ಲಿ ಹೋಗುತ್ತದೆ. ನಿರಾಮಯ ಹೊರರೋಗಿ ಖರ್ಚಿಗೂ ಥೆರಪಿಗೂ ಕೊಡುತ್ತದೆ. ಇಂಥದ್ದೇ ಆಸ್ಪತ್ರೆ ಆಗಬೇಕು ಅಂತಲೂ ಇಲ್ಲ. ಒಂದು ವಿಷಯ ತಿಳಿದಿರಿ: 1 ಲಕ್ಷ ಅನ್ನುವುದು ಒಟ್ಟು ಮೊತ್ತ. ಒಳಗೆ ಒಂದೊಂದು ಖರ್ಚಿಗೂ ಬೇರೆ ಬೇರೆ ಮಿತಿ ಇದೆ. ಥೆರಪಿಯ ಮಿತಿ ಮುಗಿದರೆ, ಆಪರೇಷನ್‌ಗೆ ಇಟ್ಟಿದ್ದನ್ನು ಇತ್ತ ತರಲು ಬರುವುದಿಲ್ಲ. ಇಷ್ಟೆಲ್ಲ ಔಷಧಿ ಬೆಲೆ ಏರಿರುವಾಗ 1 ಲಕ್ಷ ಲಕ್ಷವಾಗಿಯೇ ಕೂತಿರುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಬಿಲ್ಲುಗಳ ಕಥೆ. ಮೊದಲು ನಾವು ಕೈಯಿಂದ ಕಟ್ಟಬೇಕು, ಆಮೇಲೆ ಕ್ಲೇಮ್ ಹಾಕಬೇಕು. ಹಾಗಾಗಿ ಈ ವಿಮೆ ನಿಂತಿರುವುದೇ ಕಾಗದದ ಮೇಲೆ. ನಮ್ಮ ಬೀದಿಯ ಮೆಡಿಕಲ್ ಶಾಪಿನವನು ಮೊದಮೊದಲು ಚೀಟಿಯ ಮೇಲೆ ಬರೀ ಮೊತ್ತ ಗೀಚಿ ಕೊಡುತ್ತಿದ್ದ. ಬಿಲ್ ಕೇಳಿದರೆ, "ಅಕ್ಕಾ, ಇನ್ನೂರು ರೂಪಾಯಿ ಮಾತ್ರೆಗೂ ಬಿಲ್ಲಾ?" ಅನ್ನುತ್ತಿದ್ದ. ಈಗ ಅವನೇ ತಮ್ಮನ ಹೆಸರು, ಡಾಕ್ಟರ ಹೆಸರು, ಬ್ಯಾಚ್ ನಂಬರ್ ಎಲ್ಲ ಬರುವ ಹಾಗೆ ಪ್ರಿಂಟ್ ತೆಗೆದು, ಸೀಲ್ ಒತ್ತಿ, ಪ್ರಿಸ್ಕ್ರಿಪ್ಷನ್ನಿಗೆ ಪಿನ್ ಹಾಕಿ ಕೊಡುತ್ತಾನೆ. ಥೆರಪಿ ರಶೀದಿಯಲ್ಲೂ ಯಾವ ಯಾವ ದಿನ ಅಂತ ತಾರೀಖು ಬರೆಸಿಕೊಳ್ಳಿ. "ಮಾರ್ಚ್ ತಿಂಗಳ ಫೀಸು" ಅಂತ ಒಂದೇ ಸಾಲು ಇದ್ದರೆ ಮತ್ತೆ ಓಡಾಟ. ಬಿಲ್ಲು ಕೂಡಿಹಾಕಿ ವರ್ಷದ ಕೊನೆಗೆ ಕಳಿಸೋಣ ಅಂದುಕೊಳ್ಳಬೇಡಿ, ಕ್ಲೇಮಿಗೆ ಗಡುವು ಇರುತ್ತದೆ. ಕಳಿಸುವ ಮುಂಚೆ ಎಲ್ಲದರ ಜೆರಾಕ್ಸ್ ಇಟ್ಟುಕೊಳ್ಳಿ. ಯುಡಿಐಡಿ ಕಾರ್ಡಿನ (ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ) ಜೆರಾಕ್ಸ್ ಅಂತೂ ನಾಲ್ಕಾರು ಮನೆಯಲ್ಲಿ ಇರಲಿ. ಒರಿಜಿನಲ್ ನಮ್ಮ ತಮ್ಮನ ಅಂಗಿ ಜೇಬು ಬಿಟ್ಟು ಆಚೆ ಬರುವುದಿಲ್ಲ. ಹಾಲಿನವನಿಗೂ ತೆಗೆದು ತೋರಿಸುತ್ತಾನೆ, "ನನ್ ಫೋಟೋ" ಅಂತ.

ಸೇರುವುದು, ನವೀಕರಿಸುವುದು ಎಲ್ಲ ನಾವು ಮಾಡಿಸಿದ್ದು ಟ್ರಸ್ಟಿನಲ್ಲಿ ನೋಂದಾಯಿಸಿಕೊಂಡ ಒಂದು ಸ್ಥಳೀಯ ಸಂಸ್ಥೆಯ ಮೂಲಕ. ಅನುಭವ ನಿಂತಿರುವುದು ಅಲ್ಲಿ ಕೂರುವವರ ಮೇಲೆ. ಪಾಲಿಸಿ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಒಂದು ವರ್ಷ ನಾವು ಫೆಬ್ರವರಿಯಲ್ಲೇ ಕಾಗದ, ದುಡ್ಡು ಎರಡೂ ಕೊಟ್ಟಿದ್ದೆವು. ಅಲ್ಲಿ ನೋಡಿಕೊಳ್ಳುತ್ತಿದ್ದ ಹುಡುಗಿ ಕೆಲಸ ಬಿಟ್ಟಿದ್ದಳಂತೆ, ನಮ್ಮ ಫೈಲ್ ಬೀರುವಿನಲ್ಲೇ ಉಳಿದಿತ್ತು. ಆ ವರ್ಷ ಬೇಸಿಗೆಯ ಖರ್ಚೆಲ್ಲ ನಮ್ಮ ತಲೆ ಮೇಲೆ. ಅದಾದ ಮೇಲೆ ರಶೀದಿ ಕೈಗೆ ಬರುವವರೆಗೆ ನಾನು ಆ ಕುರ್ಚಿ ಬಿಟ್ಟು ಏಳುವುದಿಲ್ಲ.

ದೊಡ್ಡ ಆಪರೇಷನ್ ಅಂತ ಬಂದರೆ ನಿರಾಮಯ ನೆಚ್ಚಿಕೊಳ್ಳಬೇಡಿ. ಅದಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎರಡೂ ಇಟ್ಟುಕೊಂಡರೆ ಒಂದು ಮಟ್ಟಕ್ಕೆ ನೆಮ್ಮದಿ. ಮಗ ಅಥವಾ ಮಗಳಿಗೆ 18 ತುಂಬಿದ್ದರೆ ಇನ್ನೊಂದು ಕೆಲಸ ಜೊತೆಗೇ ಮುಗಿಸಿ: ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಯಿಂದ ಕಾನೂನು ಪಾಲಕತ್ವದ ಪ್ರಮಾಣಪತ್ರ, ಅಂದರೆ ಅವರ ಪರವಾಗಿ ವ್ಯವಹಾರ ಮಾಡಲು ಮನೆಯವರಿಗೆ ಅಧಿಕಾರ ಕೊಡುವ ಪತ್ರ. ಅಪ್ಪ ಹೋದ ಮೇಲೆ ಬ್ಯಾಂಕಿನಲ್ಲಿ ನಮ್ಮನ್ನು ಮೊದಲು ಕೇಳಿದ್ದೇ ಅದನ್ನು.

ಒಂದೂವರೆ ಅಂಕ ಕಡಿಮೆ ಕೊಟ್ಟಿದ್ದು ಯಾಕೆ ಅಂದರೆ, ಅದರಲ್ಲಿ ಅರ್ಧ ಅಂಕ ಈ ಓಡಾಟಕ್ಕೆ. ಉಳಿದ ಒಂದು ನೋಡಿಕೊಳ್ಳುವವರಿಗೆ ಇದರಲ್ಲಿ ಏನೂ ಇಲ್ಲ ಅನ್ನುವುದಕ್ಕೆ. ಅದು ವಿಮೆಯ ಕೆಲಸವಲ್ಲ, ಒಪ್ಪುತ್ತೇನೆ. ಆದರೆ ಅದೇ ಟ್ರಸ್ಟಿನಲ್ಲಿ ತಾತ್ಕಾಲಿಕ ಆಸರೆಗೆ ಸಮರ್ಥ್, ಕಾಯಂ ವಸತಿಗೆ ಘರೌಂದಾ ಅನ್ನುವ ಯೋಜನೆಗಳಿದ್ದವು, ಈಗ ಎರಡನ್ನೂ ಸೇರಿಸಿ ಸಮರ್ಥ್-ಕಮ್-ಘರೌಂದಾ ಅಂತ ಒಂದೇ ಮಾಡಿದ್ದಾರೆ. ನಾನು ವಿಚಾರಿಸಿದ ಮಟ್ಟಿಗೆ ನಮ್ಮ ಸುತ್ತಮುತ್ತ ಅಂಥದ್ದೊಂದು ಸಿಗಲಿಲ್ಲ. ಅಮ್ಮನ ಒಂದು ಕಣ್ಣಿನ ಪೊರೆ ತೆಗೆಸಿದಾಗ ತಮ್ಮನನ್ನು ಪಕ್ಕದ ಮನೆಯವರು ನೋಡಿಕೊಂಡರು. ಈಗ ಅವರು ಮನೆ ಬಿಟ್ಟು ಹೋಗಿದ್ದಾರೆ, ಇನ್ನೊಂದು ಕಣ್ಣು ಬಾಕಿ ಇದೆ. ರಾತ್ರಿ ಮಾತ್ರೆ ತಪ್ಪದೆ ಕೊಟ್ಟು ಎರಡು ದಿನ ಇಟ್ಟುಕೊಳ್ಳುವಂಥ ಜಾಗ ಹಾಸನ, ಚನ್ನರಾಯಪಟ್ಟಣದ ಕಡೆ ಯಾರಿಗಾದರೂ ಗೊತ್ತಿದ್ದರೆ ಹೇಳಿ. ದುಡ್ಡು ಕೊಡುತ್ತೇವೆ.