ಶುಲ್ಕ ಏರಿದರೆ ಎಸ್‌ಎಸ್‌ಪಿ ಕೈಹಿಡಿಯುತ್ತದೆಯೇ?

ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯವಿರಲಿ, ಬೇರೆ ಸರ್ಕಾರಿ ವಿವಿಯಿರಲಿ, ಶುಲ್ಕ ಏರಿಕೆಯ ಪ್ರಸ್ತಾವ ಬಂದರೆ ಬಡ ವಿದ್ಯಾರ್ಥಿಗಳಿಗೆ ಆಸರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿ. ಹಲವು ಇಲಾಖೆಗಳ ಅರ್ಜಿ ಒಂದೇ ಕಡೆ ಸಿಗುವುದು ನಿಜಕ್ಕೂ ದೊಡ್ಡ ಅನುಕೂಲ.

ಹೆಚ್ಚಿನವರು ಎಡವುವುದು ಬ್ಯಾಂಕ್ ಖಾತೆಯಲ್ಲಿ. ಖಾತೆಗೆ ಆಧಾರ್ ಜೋಡಿಸಿದರೆ ಸಾಲದು, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪಿಂಗ್ ಆಗಿರಲೇಬೇಕು, ಅಂದರೆ ನಿಮ್ಮ ಆಧಾರ್‌ಗೆ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ಆ ನಿಗಮದಲ್ಲಿ ದಾಖಲಾಗಿರಬೇಕು. 2 ಖಾತೆಗಳಿದ್ದರೆ ಕೊನೆಗೆ ಮ್ಯಾಪ್ ಆದದ್ದಕ್ಕೇ ಹಣ ಹೋಗುತ್ತದೆ; ಅದು ಮುಚ್ಚಿದ್ದರೆ ಪಾವತಿ ವಿಫಲ. ಬ್ಯಾಂಕಿನಲ್ಲಿ ‘ಡಿಬಿಟಿಗೆ (ನೇರ ನಗದು ವರ್ಗಾವಣೆಗೆ) ಆಧಾರ್ ಸೀಡಿಂಗ್’ ಎಂದೇ ಬರೆದುಕೊಡಿ. ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು ಇನಿಶಿಯಲ್ ಸಮೇತ ಹೊಂದಿದ್ದರೆ ತೊಡಕು ಕಡಿಮೆ. ಜಾತಿ, ಆದಾಯ ಪತ್ರದ ಆರ್‌ಡಿ ಸಂಖ್ಯೆ (ಪತ್ರದ ಮೇಲೆ ‘ಆರ್‌ಡಿ’ಯಿಂದ ಶುರುವಾಗುವ ಸಂಖ್ಯೆ), ಶುಲ್ಕದ ರಸೀದಿ ಕೈಯಲ್ಲಿರಲಿ.

ದೊಡ್ಡ ಕೊರತೆಯೆಂದರೆ ಸಮಯ: ಅನೇಕರು ಶುಲ್ಕವನ್ನು ಪ್ರವೇಶದ ವೇಳೆಗೇ ಕಟ್ಟಬೇಕು, ವಿದ್ಯಾರ್ಥಿವೇತನ ಬರುವುದು ಆಮೇಲೆ. ಏರಿದ ಮೊತ್ತವೆಲ್ಲ ಮರಳುತ್ತದೆಂದು ನಂಬಿ ಸಾಲ ಮಾಡಬೇಡಿ. ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಅವಕಾಶ ಕೋರಿ ಪ್ರವೇಶದ ದಿನವೇ ಕಾಲೇಜಿಗೆ ಲಿಖಿತ ಮನವಿ ಕೊಡಿ.