ಮೆಮರಿ ಕಾರ್ಡ್‌ಗೆ ಇಮೇಜ್ ಬರೆಯುವಾಗ ಎರರ್ ಬಂದರೆ ಯಾವ ಟೂಲ್ ಕೈ ಹಿಡಿಯುತ್ತದೆ?

ಇಮೇಜ್ ಅಂದರೆ ಇಲ್ಲಿ ಫೋಟೋ ಅಲ್ಲ, ಓಎಸ್ ಪೂರ್ತಿ ಇರುವ ಒಂದು ಫೈಲ್. ಮೊದಲೇ ಹೇಳಿಬಿಡುತ್ತೇನೆ. ಇಂಥ ಟೂಲ್‌ನಲ್ಲಿ ನಾನು ಮುಖ್ಯವಾಗಿ ನೋಡುವುದು ಒಂದೇ ವಿಷಯ. ಬರೆದು ಮುಗಿಸಿದ ಮೇಲೆ ಕಾರ್ಡನ್ನು ತಿರುಗಿ ಓದಿ, ಬರೆದದ್ದೇ ಅಲ್ಲಿ ಕೂತಿದೆಯಾ ಅಂತ ತಾಳೆ ನೋಡುತ್ತದಾ? ನೋಡುವ ಟೂಲ್ ಜಾಸ್ತಿ ಎರರ್ ತೋರಿಸುತ್ತದೆ. ಅದಕ್ಕೇ ಅದು ಒಳ್ಳೆಯದು.

ನಾನಿರುವುದು ಚಿಕ್ಕಮಗಳೂರಿನಲ್ಲಿ. ಆಲ್ದೂರು, ಮೂಡಿಗೆರೆ ಕಡೆಯ ಕಾಫಿ ತೋಟಗಳಿಗೆ ಮಳೆ ಅಳೆಯುವ ಪುಟ್ಟ ಸ್ಟೇಷನ್ ಮಾಡಿಕೊಡುತ್ತೇನೆ. ಒಳಗೆ ರಾಸ್ಪ್‌ಬೆರಿ ಪೈ ಅನ್ನುವ ಒಂದು ಪುಟ್ಟ ಕಂಪ್ಯೂಟರ್, ಅದರ ಹೊಟ್ಟೆಗೆ ಒಂದು ಮೈಕ್ರೋ ಎಸ್‌ಡಿ ಕಾರ್ಡ್. ಓಎಸ್ಸೂ ಅದರಲ್ಲೇ, ಮಳೆ ಲೆಕ್ಕವೂ ಅದರಲ್ಲೇ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಎಷ್ಟು ಇಂಚು, ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಬಿತ್ತು ಅಂತ ನೋಡಿಕೊಂಡೇ ತೋಟದವರು ಸ್ಪ್ರಿಂಕ್ಲರ್ ಹಾಕುವುದು. ಆ ಹೊತ್ತಿನಲ್ಲಿ ಕಾರ್ಡ್ ಕೈಕೊಟ್ಟರೆ ಆ ವರ್ಷದ ಮುಖ್ಯ ಲೆಕ್ಕವೇ ಹೋಯಿತು. ಹಾಗಾಗಿ ಈ ಟೂಲ್‌ಗಳನ್ನೆಲ್ಲ ಒಂದೇ ಲ್ಯಾಪ್‌ಟಾಪ್, ಅವೇ ಕಾರ್ಡ್‌ಗಳ ಮೇಲೆ ಹಾಕಿ ನೋಡಿದ್ದೇನೆ.

ಬಲೇನಾ ಎಚರ್‌ನಿಂದ ಶುರು ಮಾಡೋಣ. ಹೊಸಬರಿಗೆ ಇದಕ್ಕಿಂತ ಸುಲಭದ್ದು ಇಲ್ಲ. ಫೈಲ್ ಆರಿಸು, ಕಾರ್ಡ್ ಆರಿಸು, ಒತ್ತು. ಕುಗ್ಗಿಸಿದ ಫೈಲ್ ಜಿಪ್ ಆಗಲಿ, ಎಕ್ಸ್‌ಝಡ್ ಆಗಲಿ, ಬಿಚ್ಚದೆ ಹಾಗೇ ಕೊಡಬಹುದು. ಲ್ಯಾಪ್‌ಟಾಪಿನ ಸ್ವಂತ ಡಿಸ್ಕನ್ನು ಪಟ್ಟಿಯಲ್ಲಿ ಬಚ್ಚಿಡುತ್ತದೆ, ಗೊತ್ತಿಲ್ಲದೆ ಅಳಿಸಿಬಿಡುವ ಭಯ ಕಡಿಮೆ. ಬರೆದ ಮೇಲೆ ತಾನೇ ತಾಳೆ ನೋಡುತ್ತದೆ. ನನಗೆ ಬೇಸರ ತರಿಸಿದ್ದು ಅದರ ಎರರ್ ಮಾತು. ಏನೋ ತಪ್ಪಾಯಿತು, ಬರೆಯುವ ಪ್ರೋಸೆಸ್ ಅನಿರೀಕ್ಷಿತವಾಗಿ ನಿಂತಿತು, ಅಷ್ಟೇ. ಯಾಕೆ ನಿಂತಿತು ಅನ್ನುವುದನ್ನು ನಾವೇ ಹುಡುಕಬೇಕು. ವಿಂಡೋಸ್‌ನಲ್ಲಿ ನನಗೆ ಹೀಗೆ ಆದಾಗ ಹೆಚ್ಚಿನ ಸಲ ಕಾರಣ ಸಡಿಲ ಕಾರ್ಡ್ ರೀಡರ್. ಉಳಿದ ಸಲ ಆ್ಯಂಟಿವೈರಸ್, ಇಲ್ಲವೇ ವಿಂಡೋಸ್ ಸೆಕ್ಯುರಿಟಿಯ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಅಡ್ಡ ಬಂದಿರುತ್ತದೆ. ಅದನ್ನು ಸ್ವಲ್ಪ ಹೊತ್ತು ಆಫ್ ಮಾಡಿ, ಅಡ್ಮಿನ್ ಆಗಿ ತೆರೆದರೆ ಸಾಮಾನ್ಯವಾಗಿ ಮುಂದೆ ಹೋಗುತ್ತದೆ.

ಪಾರ್ಟಿಷನ್ ಟೇಬಲ್ (ಡಿಸ್ಕಿನ ಭಾಗಗಳ ಪಟ್ಟಿ) ಇಲ್ಲ ಅಂತ ಎಚರ್ ಎಚ್ಚರಿಸಿದರೆ ಒಮ್ಮೆ ನಿಮ್ಮ ಫೈಲ್ ನೋಡಿ. ವಿಂಡೋಸ್ ಇನ್‌ಸ್ಟಾಲ್ ಮಾಡುವ ಐಎಸ್‌ಒ ಫೈಲ್ ಕೊಟ್ಟಿದ್ದರೆ ಅದು ಹೇಳುವುದು ಸರಿಯೇ. ಆ ಕೆಲಸಕ್ಕೆ ರೂಫಸ್ ಅನ್ನುವ ಬೇರೆ ಟೂಲ್ ಬೇಕು.

ರಾಸ್ಪ್‌ಬೆರಿ ಪೈ ಇಮೇಜರ್ ಬಂದದ್ದು 2020ರಲ್ಲಿ. ಪೈಗಾದರೆ ನನ್ನ ಓಟು ಇದಕ್ಕೇ. ತಾಳೆ ನೋಡುವುದರಲ್ಲಿ ಎಚರ್‌ಗೆ ಸಮ, ಎರರ್ ಹೇಳುವುದರಲ್ಲಿ ಒಂದು ಹೆಜ್ಜೆ ಮುಂದೆ. ಕಾರ್ಡ್‌ನಲ್ಲಿರುವುದು ಬರೆದದ್ದಕ್ಕಿಂತ ಬೇರೆ ಇದೆ ಅಂತ ನೇರವಾಗಿ ಹೇಳುತ್ತದೆ. ಇನ್ನೊಂದು ದೊಡ್ಡ ಅನುಕೂಲ, ಯೂಸರ್ ಹೆಸರು, ಪಾಸ್‌ವರ್ಡ್, ವೈಫೈ, ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರ್‌ನಿಂದ ಪೈಗೆ ಲಾಗಿನ್ ಆಗುವ ದಾರಿ) ಎಲ್ಲವನ್ನೂ ಬರೆಯುವ ಮುಂಚೆಯೇ ತುಂಬಬಹುದು. 2022ರ ಏಪ್ರಿಲ್‌ನಿಂದ ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ ‘ಪೈ’ ಅನ್ನುವ ಸಿದ್ಧ ಯೂಸರ್ ಇಲ್ಲ. ಬೇರೆ ಟೂಲ್‌ನಲ್ಲಿ ಬರೆದು, ಮಾನಿಟರ್ ಇಲ್ಲದ ಪೈಗೆ ಹಾಕಿ, ಲಾಗಿನ್ ಆಗುತ್ತಿಲ್ಲ ಅಂತ ಒದ್ದಾಡುವವರು ಇವತ್ತಿಗೂ ಇದ್ದಾರೆ. ಅಲ್ಲಿ ಕಾರ್ಡ್ ಸರಿಯಾಗೇ ಇರುತ್ತದೆ.

ಇಮೇಜರ್‌ನ ತೊಂದರೆ ಇಂಟರ್ನೆಟ್. ಡೌನ್‌ಲೋಡ್ ಮಾಡುತ್ತಲೇ ಬರೆಯುತ್ತದೆ. ತೋಟದಲ್ಲಿ ಕೂತು ಮೊಬೈಲ್ ಹಾಟ್‌ಸ್ಪಾಟ್ ನಂಬಿದರೆ ಅರ್ಧಕ್ಕೆ ನಿಲ್ಲುತ್ತದೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಊರಲ್ಲೇ ಒಂದು ಕಾರ್ಡ್ ಪೂರ್ತಿ ಬರೆದುಕೊಂಡು ಹೋದರೆ ಆ ಕೊನೆಯ ಡೌನ್‌ಲೋಡ್ ಲ್ಯಾಪ್‌ಟಾಪ್‌ನಲ್ಲಿ ಉಳಿದಿರುತ್ತದೆ. ಮುಂದಿನ ಕಾರ್ಡ್‌ಗೆ ಅದನ್ನೇ ಬಳಸುತ್ತದೆ.

ಇನ್ನು ಲಿನಕ್ಸ್‌ನ ಡಿಡಿ ಕಮಾಂಡ್. ವೇಗ, ಹಗುರ, ಇನ್‌ಸ್ಟಾಲ್ ಗೋಜಿಲ್ಲ. ಆದರೆ ಡಿಡಿ ತಾಳೆ ನೋಡುವುದಿಲ್ಲ. ಇದರ ಬೆಲೆ ಎಷ್ಟು ಅಂತ ಗೊತ್ತಾಗಿದ್ದು ಮೂಡಿಗೆರೆ ಕಡೆಯ ಒಂದು ಹಳೆ ಕಾರ್ಡ್‌ನಿಂದ. ಸ್ಟೇಷನ್ ಹಳೆಯ ದಿನಾಂಕದಲ್ಲೇ ನಿಂತಿತ್ತು. ಕಾರ್ಡ್ ತಂದು ಡಿಡಿ ಓಡಿಸಿದೆ. ಒಂದೂ ಎರರ್ ಇಲ್ಲ, ಕೊನೆಯಲ್ಲಿ ಇಷ್ಟು ಬೈಟ್ ಬರೆದೆ ಅಂತ ಲೆಕ್ಕವನ್ನೂ ಕೊಟ್ಟಿತು. ಕಾರ್ಡ್ ತೆಗೆದು ಮತ್ತೆ ಹಾಕಿ ನೋಡಿದರೆ ಹಳೆ ಮಳೆ ಫೈಲ್‌ಗಳು ಒಂದೂ ಅಲುಗದೆ ಅಲ್ಲೇ ಇವೆ! ಫಾರ್ಮ್ಯಾಟ್ ಮಾಡಿದೆ, ಆಯಿತು ಅಂದಿತು. ಮತ್ತೆ ಹಾಕಿದರೆ ಅದೇ ಫೈಲ್‌ಗಳು. ಅದೇ ಕಾರ್ಡನ್ನು ಎಚರ್‌ಗೆ ಕೊಟ್ಟಾಗ ತಾಳೆ ನೋಡುವ ಹಂತದಲ್ಲಿ ನಿಲ್ಲಿಸಿತು, ಇಮೇಜರ್ ಕೂಡ ಅಷ್ಟೇ.

ಆಯಸ್ಸು ಮುಗಿದ ಕೆಲವು ಕಾರ್ಡ್‌ಗಳು ಹೀಗೆ ಮಾಡುತ್ತವೆ. ಒಳಗಿನ ಕಂಟ್ರೋಲರ್ ಬರೆಯುವುದನ್ನು ನಿಲ್ಲಿಸಿ, ಓದುವುದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಬಂದ ಡೇಟಾಗೆ ಹೂಂ ಅಂದು ಎಸೆದುಬಿಡುತ್ತದೆ. ಯಾವ ಫಾರ್ಮ್ಯಾಟ್ ಟೂಲ್‌ನಿಂದಲೂ ಇದು ರಿಪೇರಿ ಆಗುವುದಿಲ್ಲ. ಆದರೆ ಹಳೆ ಲೆಕ್ಕ ಕಾಪಿ ಮಾಡಿಕೊಳ್ಳಬಹುದು. ತೋಟದ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿ, ‘ಸಾರ್, ಹೋದ ವರ್ಷದ್ದಾದ್ರೂ ಸಿಗುತ್ತಾ?’ ಅಂತ ಕೇಳಿದಾಗ ಸಿಗುತ್ತೆ ಅನ್ನಲು ಸಾಧ್ಯವಾಯಿತು.

ಡಿಡಿ ಬಳಸಲೇಬೇಕು ಅಂದರೆ ಮೊದಲು ಡ್ರೈವ್‌ಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಬಿಎಲ್‌ಕೆ’ ಓಡಿಸಿ ಯಾವುದು ಕಾರ್ಡ್ ಅಂತ ಸೈಜ್ ನೋಡಿ ಖಾತ್ರಿ ಮಾಡಿಕೊಳ್ಳಿ. ಇಮೇಜ್ ಹೋಗಬೇಕಾದ್ದು ಇಡೀ ಡ್ರೈವ್‌ಗೆ. ಕೊನೆಯಲ್ಲಿ 1 ಇರುವ ಪಾರ್ಟಿಷನ್‌ಗೆ ಬರೆದರೆ ಎರರ್ ಬರದೇ ಇರಬಹುದು, ಆದರೆ ಬೂಟ್ ಆಗುವುದಿಲ್ಲ. ಮುಗಿದ ಮೇಲೆ ‘ಸಿಂಕ್’ ಕೊಟ್ಟು, ಅದು ಮುಗಿಯುವವರೆಗೆ ಕಾಯಿರಿ. ಆಮೇಲೆ ಕಾರ್ಡ್ ತೆಗೆದು ಹಾಕಿ, ಇಮೇಜ್‌ನ ಉದ್ದದಷ್ಟನ್ನೇ ತಿರುಗಿ ಓದಿ ‘ಸಿಎಂಪಿ’ಯಿಂದ ತಾಳೆ ನೋಡಿ.

ವಿನ್32 ಡಿಸ್ಕ್ ಇಮೇಜರ್ ಹಳೆಯದು, ಬಿಚ್ಚಿದ ಇಮೇಜ್ ಫೈಲ್ ಬಿಟ್ಟು ಬೇರೆ ಅರ್ಥವಾಗುವುದಿಲ್ಲ. ಆದರೂ ಅದರ ‘ರೀಡ್’ ಬಟನ್‌ಗಾಗಿ ಇಟ್ಟುಕೊಂಡಿದ್ದೇನೆ. ಚೆನ್ನಾಗಿ ಓಡುತ್ತಿರುವ ಸ್ಟೇಷನ್‌ನ ಕಾರ್ಡನ್ನು ಪೂರ್ತಿ ಬ್ಯಾಕಪ್ ತೆಗೆಯಲು ಅದು ಸಾಕು. ಒಂದು ಕಿರಿಕಿರಿ ಇದೆ. ಒಂದು ಕಂಪನಿಯ 32 ಜಿಬಿ ಇನ್ನೊಂದರ 32 ಜಿಬಿಗಿಂತ ಚೂರು ಚಿಕ್ಕದಿದ್ದರೂ ಜಾಗ ಸಾಲದು ಅನ್ನುತ್ತದೆ. ಆಗ ಲಿನಕ್ಸ್‌ನಲ್ಲಿ ಪೈಶ್ರಿಂಕ್ ಓಡಿಸಿ ಇಮೇಜ್ ಕುಗ್ಗಿಸಿಕೊಳ್ಳಬೇಕು.

ಯಾವ ಟೂಲ್ ಆದರೂ ತಾಳೆಯಾಗಲಿಲ್ಲ ಅಂದರೆ ಟೂಲ್ ಬದಲಾಯಿಸುವ ಮುಂಚೆ ರೀಡರ್ ಬದಲಾಯಿಸಿ. ಎಸ್‌ಡಿ ಅಡಾಪ್ಟರ್‌ನ ಪಕ್ಕದ ಲಾಕ್ ಗುಂಡಿ ಕೆಳಗೆ ಜಾರಿದ್ದರೆ ಮೇಲೆ ತಳ್ಳಿ. ಯುಎಸ್‌ಬಿ ಹಬ್ ಬಿಟ್ಟು ನೇರ ಪೋರ್ಟ್‌ಗೆ ಹಾಕಿ. ಆಮೇಲೆ ಫೈಲ್. ವಿಂಡೋಸ್‌ನ ‘ಸರ್ಟ್‌ಯುಟಿಲ್’ನಿಂದ ಫೈಲ್‌ನ ಎಸ್‌ಎಚ್‌ಎ256 (ಫೈಲ್ ಕೆಟ್ಟಿದೆಯಾ ಅಂತ ತಿಳಿಸುವ ಗುರುತು ಸಂಖ್ಯೆ) ತೆಗೆದು, ಡೌನ್‌ಲೋಡ್ ಪುಟದಲ್ಲಿ ಕೊಟ್ಟಿದ್ದರ ಜೊತೆ ಹೋಲಿಸಿ. ಇಷ್ಟಾದರೂ ಹಟ ಮಾಡಿದರೆ ಕಾರ್ಡನ್ನೇ ಅನುಮಾನಿಸಬೇಕು. ಕಡಿಮೆ ಬೆಲೆಗೆ ಸಿಕ್ಕ 64 ಜಿಬಿ ಕಾರ್ಡ್‌ನಲ್ಲಿ ನಿಜವಾಗಿ ಅಷ್ಟು ಜಾಗ ಇದೆಯಾ ಅಂತ ಲಿನಕ್ಸ್‌ನಲ್ಲಿ ಎಫ್3, ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಹೇಳುತ್ತವೆ. ತುಂಬ ಹೊತ್ತು ಹಿಡಿಯುತ್ತದೆ. ಆದರೂ ಹೊಸ ಕಾರ್ಡ್‌ಗೆ ನಾನು ಇದನ್ನು ತಪ್ಪಿಸುವುದಿಲ್ಲ.

ಬರೆದು ಮುಗಿದ ಕೂಡಲೇ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕಾ ಅಂತ ವಿಂಡೋಸ್ ಕೇಳಿದರೆ ಗಾಬರಿ ಬೇಡ, ಬೇಡ ಅಂತ ಒತ್ತಿ. ಲಿನಕ್ಸ್ ಪಾರ್ಟಿಷನ್ ಅದಕ್ಕೆ ಓದಲು ಬರುವುದಿಲ್ಲ, ಅಷ್ಟೇ. ಕಾರ್ಡ್ ಪೈಗೆ ಹಾಕಿದ ಮೇಲೆ ಹಸಿರು ದೀಪ ನೋಡಿ. ನಾಲ್ಕು ನಾಲ್ಕು ಸಲ ಮಿನುಗಿದರೆ ಬೂಟ್ ಫೈಲ್ ಸಿಕ್ಕಿಲ್ಲ, ಏಳು ಸಲವಾದರೆ ಓಎಸ್‌ನ ತಿರುಳಾದ ಕರ್ನಲ್ ಸಿಕ್ಕಿಲ್ಲ. ಎರಡಕ್ಕೂ ಮೊದಲ ಮದ್ದು ಒಂದೇ, ಕಾರ್ಡನ್ನು ಮತ್ತೆ ಬರೆಯುವುದು.